ಕಾಲೇಜಿನಲ್ಲಿ ಮೆರೆದ ರನ್ನಿಂಗ್ ಬ್ಯಾಕ್‌ಗಳು ಎನ್‌ಎಫ್‌ಎಲ್‌ನಲ್ಲಿ ಏಕೆ ಸೊರಗುತ್ತಾರೆ?

ತುಂಗಾತೀರ:

ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಹಿಡಿದು ಓಡುವವನೇ ರನ್ನಿಂಗ್ ಬ್ಯಾಕ್, ಎನ್‌ಎಫ್‌ಎಲ್ ಅಲ್ಲಿಯ ವೃತ್ತಿಪರ ಲೀಗ್. ಆ ಲೀಗಿನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆಯ್ದುಕೊಳ್ಳುವ ಡ್ರಾಫ್ಟಿನಲ್ಲಿ, 2012ರಲ್ಲಿ ಬಂದ ಎರಡು ಹೆಸರುಗಳನ್ನು ಮುಂದಿಟ್ಟು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ಅಲಬಾಮಾ ವಿಶ್ವವಿದ್ಯಾಲಯದ ಟ್ರೆಂಟ್ ರಿಚರ್ಡ್‌ಸನ್ 2011ರ ಸೀಸನ್‌ನಲ್ಲಿ 1,679 ಯಾರ್ಡ್ ಓಡಿ, ಓಟದಲ್ಲೇ 21 ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆ ದಾಟಿ ಪಡೆಯುವ ಅಂಕ) ಗಳಿಸಿ, ಕಾಲೇಜು ಫುಟ್‌ಬಾಲಿನ ಅತ್ಯುತ್ತಮ ರನ್ನಿಂಗ್ ಬ್ಯಾಕ್‌ಗೆ ಸಲ್ಲುವ ಡೋಕ್ ವಾಕರ್ ಪ್ರಶಸ್ತಿಯನ್ನು ಪಡೆದಿದ್ದರು. ಅವರು ಕೈತಪ್ಪಬಾರದೆಂದು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಮಿನ್ನೆಸೋಟಕ್ಕೆ ಹೆಚ್ಚುವರಿ ಆಯ್ಕೆಗಳನ್ನು ಬಿಟ್ಟುಕೊಟ್ಟು, ನಾಲ್ಕನೆಯ ಸ್ಥಾನದಿಂದ ಮೂರಕ್ಕೆ ಏರಿ ಅವರನ್ನು ಸೇರಿಸಿಕೊಂಡಿತು. ಅದೇ ಡ್ರಾಫ್ಟಿನ ಆರನೆಯ ಸುತ್ತಿನಲ್ಲಿ, 173ನೆಯವರಾಗಿ, ಫ್ಲೋರಿಡಾ ಅಟ್ಲಾಂಟಿಕ್ ಎಂಬ ಅಷ್ಟೇನೂ ಹೆಸರಿಲ್ಲದ ತಂಡದ ಆಲ್ಫ್ರೆಡ್ ಮಾರಿಸ್ ವಾಷಿಂಗ್ಟನ್ ತಂಡದ ಪಾಲಾದರು.

ಮೊದಲ ವರ್ಷ ಮುಗಿದಾಗ ಮಾರಿಸ್ ಲೆಕ್ಕದಲ್ಲಿ 1,613 ಯಾರ್ಡ್ ಇದ್ದವು. ರಿಚರ್ಡ್‌ಸನ್ ಲೆಕ್ಕದಲ್ಲಿ ಓಟಕ್ಕೆ ಸರಾಸರಿ 3.6ರಂತೆ 950. ಮರುವರ್ಷವೇ ರಿಚರ್ಡ್‌ಸನ್ ಇಂಡಿಯಾನಾಪೊಲಿಸ್ ಕೋಲ್ಟ್ಸ್‌ಗೆ ಹೋದರು, 2015ರಲ್ಲಿ ಅಲ್ಲಿಂದಲೂ ಬಿಡುಗಡೆಯಾದರು, ರೈಡರ್ಸ್ ತಂಡ ಅವರನ್ನು ಸೀಸನ್ ಆರಂಭವಾಗುವ ಮೊದಲೇ ಕೈಬಿಟ್ಟಿತು. ಆ ಬಳಿಕ ಅವರು ಎನ್‌ಎಫ್‌ಎಲ್‌ನಲ್ಲಿ ಒಂದೂ ಪಂದ್ಯ ಆಡಲಿಲ್ಲ.

ದುಡ್ಡು ಬಂದ ಮೇಲೆ ಹಸಿವು ಹೋಯಿತು ಎಂಬ ವಿವರಣೆ ಎಲ್ಲ ಕಡೆ ಸಿಗುತ್ತದೆ. ಅದು ಯಾರ ಬಗ್ಗೆಯೂ ಹೇಳಬಹುದಾದ ಮಾತಾದ್ದರಿಂದ ನನಗೆ ಅದರಲ್ಲಿ ಹುರುಳು ಕಾಣುವುದಿಲ್ಲ. ಆಟದೊಳಗಿನ ಕಾರಣಗಳೇನು ಎಂಬುದನ್ನು ಬಲ್ಲವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ಹಳೇ ಲೈನ್‌ಮನ್:

ಓಹಾಯೋದ ಹೈಸ್ಕೂಲಿನಲ್ಲಿ ನಾನು ಲೈನ್‌ನಲ್ಲಿ, ಅಂದರೆ ಬ್ಯಾಕ್‌ಗೆ ದಾರಿ ಮಾಡಿಕೊಡುವ ಮುಂದಿನ ಐವರ ಸಾಲಿನಲ್ಲಿ, ಆಡಿದವನು. ಹಾಗಾಗಿ ಪಕ್ಷಪಾತ ಇದ್ದೇ ಇದೆ ಎಂದುಕೊಂಡೇ ಓದಿ. ನೀವು ಉಲ್ಲೇಖಿಸಿದ 1,679 ಯಾರ್ಡ್‌ಗಳಲ್ಲಿ ರಿಚರ್ಡ್‌ಸನ್ ಅವರ ಪಾಲೆಷ್ಟು, ಅವರ ಮುಂದಿದ್ದ ಐದು ಜನರ ಪಾಲೆಷ್ಟು ಎಂದು ಮೊದಲು ಕೇಳಬೇಕು. ಆ ವರ್ಷ ಅಲಬಾಮಾದ ಲೈನ್‌ನಲ್ಲಿದ್ದ ಬ್ಯಾರೆಟ್ ಜೋನ್ಸ್ ದೇಶದ ಅತ್ಯುತ್ತಮ ಲೈನ್ ಆಟಗಾರನಿಗೆ ಕೊಡುವ ಔಟ್‌ಲ್ಯಾಂಡ್ ಪ್ರಶಸ್ತಿ ಪಡೆದರು. ಅವರ ಜೊತೆಗಿದ್ದ ಚಾನ್ಸ್ ವಾರ್ಮ್ಯಾಕ್ ಮತ್ತು ಡಿ.ಜೆ. ಫ್ಲೂಕರ್ 2013ರ ಡ್ರಾಫ್ಟಿನಲ್ಲಿ ಹತ್ತನೆಯ ಮತ್ತು ಹನ್ನೊಂದನೆಯ ಆಯ್ಕೆಗಳಾದರು. ಅಂಥ ಲೈನ್ ಎದುರಾಳಿಯನ್ನು ಮೂರು ಯಾರ್ಡ್ ಹಿಂದಕ್ಕೆ ತಳ್ಳಿದ ಮೇಲೆ ಬ್ಯಾಕ್ ಮಾಡಬೇಕಾದದ್ದು ಉಳಿದ ಅರ್ಧ ಕೆಲಸವನ್ನು ಮಾತ್ರ.

ಇನ್ನೊಂದು ಲೆಕ್ಕವನ್ನೂ ಗಮನಿಸಿ. ಅದೇ 2011ರಲ್ಲಿ ರಿಚರ್ಡ್‌ಸನ್ ಅವರ ಬದಲಿಯಾಗಿ ಬರುತ್ತಿದ್ದ ಎಡ್ಡಿ ಲೇಸಿ ಓಟಕ್ಕೆ 7.1 ಯಾರ್ಡ್ ಸರಾಸರಿ ಹೊಂದಿದ್ದರು, ರಿಚರ್ಡ್‌ಸನ್ ಅವರದು 5.9. ಬದಲಿ ಆಟಗಾರನಿಗೆ ದಣಿದ ಎದುರಾಳಿಗಳು ಸಿಗುತ್ತಾರೆ ಎಂಬುದು ನಿಜ. ಆದರೂ ಯಾರು ಓಡಿದರೂ ಯಾರ್ಡ್ ಹುಟ್ಟುವ ಜಾಗವೊಂದು ಅಲ್ಲಿತ್ತು ಎಂಬುದನ್ನು ಈ ಅಂಕಿ ತೋರಿಸುತ್ತದೆ.

ಅಂಕಿಮೇಷ್ಟ್ರು:

ಲೈನ್ ಮಾತು ಸರಿ, ಅದರ ಜೊತೆಗೆ ಮೈದಾನದ ಅಳತೆಯನ್ನೂ ನೋಡೋಣ. ಎರಡೂ ಕಡೆ ಮೈದಾನದ ಅಗಲ 160 ಅಡಿಯೇ. ಆದರೆ ಪ್ರತಿ ಆಟಕ್ಕೂ ಚೆಂಡನ್ನು ಎಲ್ಲಿಡಬೇಕೆಂದು ನಿರ್ಧರಿಸುವ ಹ್ಯಾಷ್ ಗುರುತುಗಳ ನಡುವಿನ ಅಂತರ ಕಾಲೇಜಿನಲ್ಲಿ 40 ಅಡಿ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಅಂಗುಲ. ಕಾಲೇಜಿನಲ್ಲಿ ಚೆಂಡು ಒಂದು ಹ್ಯಾಷ್ ಮೇಲಿದ್ದರೆ ಒಂದು ಬದಿಗೆ 60 ಅಡಿ, ಇನ್ನೊಂದು ಬದಿಗೆ 100 ಅಡಿ ಬಯಲು ಸಿಗುತ್ತದೆ. ಎನ್‌ಎಫ್‌ಎಲ್‌ನಲ್ಲಿ ಅಗಲದ ಬದಿಗೂ ಸಿಗುವುದು ಸುಮಾರು 89 ಅಡಿ. ಹನ್ನೊಂದು ಅಡಿ ಎಂದರೆ ಕಾಗದದ ಮೇಲೆ ಅಲ್ಪವೆನಿಸಬಹುದು. ಎದುರಾಳಿಯ ಮುಂಸಾಲಿನ ಹಿಂದೆ ನಿಲ್ಲುವ ರಕ್ಷಕ, ಅಂದರೆ ಲೈನ್‌ಬ್ಯಾಕರ್ ಒಬ್ಬನನ್ನು ಸುತ್ತಿಕೊಂಡು ಅಂಚಿಗೆ ತಿರುಗಬೇಕಾದ ಬ್ಯಾಕ್‌ಗೆ ಅದು ಮೂರ್ನಾಲ್ಕು ಹೆಜ್ಜೆಯ ಅವಕಾಶ, ಮತ್ತು ಎನ್‌ಎಫ್‌ಎಲ್‌ನ ಲೈನ್‌ಬ್ಯಾಕರ್ ಆ ಹೆಜ್ಜೆಗಳನ್ನು ಕಾಲೇಜಿನವನಿಗಿಂತ ಬೇಗ ಕ್ರಮಿಸುತ್ತಾನೆ.

ಆಟಗಾರರನ್ನು ಮೈದಾನದ ಅಗಲಕ್ಕೂ ಹರಡಿ ಆಡುವ ಕಾಲೇಜಿನ ಸ್ಪ್ರೆಡ್ ಆಟ ನಿಂತಿರುವುದೇ ಈ ಬಯಲಿನ ಮೇಲೆ. ಒರೆಗಾನ್‌ನ ಲಾಮೈಕಲ್ ಜೇಮ್ಸ್ ಮೂರು ವರ್ಷಗಳಲ್ಲಿ 5,082 ಯಾರ್ಡ್ ಓಡಿದವರು. 2012ರಲ್ಲಿ 61ನೆಯವರಾಗಿ ಸ್ಯಾನ್ ಫ್ರಾನ್ಸಿಸ್ಕೋ ತಂಡಕ್ಕೆ ಬಂದ ಮೇಲೆ ಅವರಿಗೆ ಓಡಲು ಸಿಕ್ಕ ಅವಕಾಶಗಳು ತೀರಾ ಕಡಿಮೆ. ಸ್ಯಾನ್ ಡಿಯಾಗೊ ಸ್ಟೇಟ್‌ನ ಡಾನೆಲ್ ಪಂಫ್ರಿ 2016ರಲ್ಲಿ 6,405 ಯಾರ್ಡ್‌ಗಳೊಂದಿಗೆ ಅಧಿಕೃತ ಕಾಲೇಜು ದಾಖಲೆಯನ್ನೇ ಬರೆದರು. ಆದರೆ ನೂರೆಂಬತ್ತು ಪೌಂಡ್‌ಗೂ ಕಡಿಮೆ ತೂಕದ ಅವರಿಗೆ ಎನ್‌ಎಫ್‌ಎಲ್‌ನ ಲೀಗ್ ಪಂದ್ಯವೊಂದರಲ್ಲಿ ಕಣಕ್ಕಿಳಿಯುವ ಯೋಗವೂ ಬರಲಿಲ್ಲ.

ತುಂಗಾತೀರ:

ಮೇಷ್ಟ್ರೇ, ಚುರುಕು ಕಾಲಿನ ಹಗುರ ಆಟಗಾರರಿಗೆ ನಿಮ್ಮ ಲೆಕ್ಕ ಒಪ್ಪುತ್ತದೆ. ಆದರೆ ಪಂಫ್ರಿ ಮುರಿದ ದಾಖಲೆ ಯಾರದು? ವಿಸ್ಕಾನ್ಸಿನ್‌ನ ರಾನ್ ಡೇನ್ ಅವರದು. ಡೇನ್ 250 ಪೌಂಡ್ ತೂಗುತ್ತಿದ್ದರು ಮತ್ತು ಅಂಚನ್ನು ಹುಡುಕಿಕೊಂಡು ಹೋದವರಲ್ಲ, ನಡುವಿನಿಂದಲೇ ನುಗ್ಗುತ್ತಿದ್ದವರು. ಹ್ಯಾಷ್ ಗುರುತು ಎಲ್ಲಿದ್ದರೆ ಅವರಿಗೇನು?

ಮ್ಯಾಡಿಸನ್ ಕನ್ನಡಿಗ:

ಡೇನ್ ಅವರ ಹೆಸರು ಬಂದ ಮೇಲೆ ಸುಮ್ಮನಿರಲು ಆಗುವುದಿಲ್ಲ. ವಿಸ್ಕಾನ್ಸಿನ್ ತಂಡದ ತವರಾದ ನಮ್ಮೂರಿನ ಕ್ಯಾಂಪ್ ರ್‍ಯಾಂಡಲ್ ಕ್ರೀಡಾಂಗಣದಲ್ಲಿ ಅವರ ಹೆಸರು ಮತ್ತು 33 ಎಂಬ ಸಂಖ್ಯೆ ಇಂದಿಗೂ ಇವೆ. ಸೀಸನ್ ಕೊನೆಯ ಬೌಲ್ ಪಂದ್ಯಗಳನ್ನೂ ಸೇರಿಸಿದರೆ ಅವರ ಕಾಲೇಜು ಓಟ 7,125 ಯಾರ್ಡ್. ಹಾಗೆ ಸೇರಿಸಿ ಎಣಿಸಿದರೆ ಪಂಫ್ರಿ ಇನ್ನೂ ಹಿಂದೆಯೇ ಇದ್ದಾರೆ ಎಂದು ಇಲ್ಲಿಯ ಜನ ಪಟ್ಟು ಹಿಡಿದು ವಾದಿಸುತ್ತಾರೆ, ನಾನೂ ಅವರ ಪಕ್ಷವೇ.

ಕಾಲೇಜಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯನ್ನು 1999ರಲ್ಲಿ ಗೆದ್ದ ಡೇನ್ ಅವರನ್ನು ನ್ಯೂಯಾರ್ಕ್ ಜೈಂಟ್ಸ್ 2000ದಲ್ಲಿ ಹನ್ನೊಂದನೆಯ ಆಯ್ಕೆಯಾಗಿ ತೆಗೆದುಕೊಂಡಿತು. ಕಾಲೇಜಿನಲ್ಲಿ ಅವರ ಶಕ್ತಿ ಕೆಲಸ ಮಾಡುತ್ತಿದ್ದ ಬಗೆಯೇ ಬೇರೆ. ಮೊದಲ ಮೂರು ಕ್ವಾರ್ಟರ್‌ಗಳಲ್ಲಿ ಮತ್ತೆ ಮತ್ತೆ ನುಗ್ಗಿ ಎದುರಾಳಿಯ ಹೆಗಲು ಸೋಲಿಸುವುದು, ನಾಲ್ಕನೆಯ ಕ್ವಾರ್ಟರ್‌ನಲ್ಲಿ ತನ್ನನ್ನು ಬೀಳಿಸಲು ಯಾರಿಗೂ ಮನಸ್ಸಿಲ್ಲದಂತೆ ಮಾಡುವುದು. ಪಂದ್ಯವಿಡೀ ಚೆಂಡು ಒಬ್ಬನ ಕೈಯಲ್ಲೇ ಇದ್ದರೆ ಮಾತ್ರ ಈ ತಂತ್ರ ಫಲಿಸುತ್ತದೆ. ಜೈಂಟ್ಸ್‌ನಲ್ಲಿ ಅವರು ಟಿಕಿ ಬಾರ್ಬರ್ ಜೊತೆ ಆಟವನ್ನು ಹಂಚಿಕೊಳ್ಳಬೇಕಾಯಿತು, ಮೊದಲ ವರ್ಷ ಪಂದ್ಯಕ್ಕೆ ಸರಾಸರಿ ಹದಿನಾಲ್ಕು ಓಟಗಳಷ್ಟೇ ಸಿಕ್ಕವು, ಓಟಕ್ಕೆ 3.4 ಯಾರ್ಡ್‌ನಂತೆ 770ಕ್ಕೆ ನಿಂತರು. ಕಾಲೇಜಿನಲ್ಲಿ ಡೇನ್ ತನಗಿಂತ ಮೂವತ್ತು ಪೌಂಡ್ ಕಡಿಮೆ ಇರುವ ಲೈನ್‌ಬ್ಯಾಕರ್‌ಗಳ ಮೇಲೆ ಏರಿಹೋಗುತ್ತಿದ್ದರು. ಎನ್‌ಎಫ್‌ಎಲ್‌ನಲ್ಲಿ ಎದುರಿಗೆ ನಿಂತವರ ತೂಕ ಹೆಚ್ಚುಕಡಿಮೆ ಅವರದ್ದೇ ಆಗಿತ್ತು, ವೇಗ ಅವರಿಗಿಂತ ಹೆಚ್ಚಾಗಿತ್ತು.

ಹಳೇ ಲೈನ್‌ಮನ್:

ಇಲ್ಲಿಯವರೆಗೆ ಎಲ್ಲರೂ ಚೆಂಡು ಕೈಯಲ್ಲಿರುವಾಗಿನ ಆಟವನ್ನೇ ಚರ್ಚಿಸಿದ್ದೇವೆ. ಹೊಸ ಬ್ಯಾಕ್ ಬೆಂಚಿನ ಮೇಲೆ ಕೂರುವುದು ಹೆಚ್ಚಾಗಿ ಚೆಂಡು ಕೈಯಲ್ಲಿಲ್ಲದಾಗಿನ ಕೆಲಸದಿಂದ.

ಮೂರನೆಯ ಡೌನ್ (ಹತ್ತು ಯಾರ್ಡ್ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು), ಇನ್ನೂ ಏಳು ಯಾರ್ಡ್ ಬೇಕು ಎಂದುಕೊಳ್ಳಿ. ಬ್ಯಾಕ್, ಆಟ ನಡೆಸಿ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಎಡಕ್ಕೆ ನಿಂತಿದ್ದಾನೆ. ಚೆಂಡು ಹೊರಡುವ ಮೊದಲೇ ಲೈನ್‌ಬ್ಯಾಕರ್ ಒಬ್ಬ ನಮ್ಮ ಲೈನ್‌ನ ನಟ್ಟನಡುವಿನ ಸೆಂಟರ್ ಮತ್ತು ಅವನ ಪಕ್ಕದ ಗಾರ್ಡ್ ನಡುವಿನ ಸಂದಿಗೆ ಬಂದು ಬಗ್ಗಿ ನಿಲ್ಲುತ್ತಾನೆ. ಸೆಂಟರ್ ಬೆರಳು ತೋರಿಸಿ ಯಾರು ಮೈಕ್ (ನಡುವಿನ ಲೈನ್‌ಬ್ಯಾಕರ್) ಎಂದು ಕೂಗುತ್ತಾನೆ, ಅದರ ಮೇಲೆ ಲೈನ್‌ನ ಐವರಲ್ಲಿ ಯಾರು ಯಾರನ್ನು ತಡೆಯಬೇಕೆಂಬುದು ಬದಲಾಗುತ್ತದೆ. ಉಳಿದವನು ಯಾರೋ ಅವನು ಬ್ಯಾಕ್‌ನ ಪಾಲು. ಚೆಂಡು ಹೊರಟ ಕ್ಷಣದಲ್ಲಿ ಸಂದಿಯಲ್ಲಿದ್ದವನು ಹಿಂದೆ ಸರಿದು, ಬಲಗಡೆಯ ಅಂಚಿನಿಂದ ಕಾರ್ನರ್‌ಬ್ಯಾಕ್ ನುಗ್ಗಿದರೆ, ಬ್ಯಾಕ್ ಮೊದಲು ಒಳಗನ್ನು ನೋಡಿ, ಅಲ್ಲಿ ಅಪಾಯವಿಲ್ಲವೆಂದು ಖಚಿತಪಡಿಸಿಕೊಂಡು, ಕ್ವಾರ್ಟರ್‌ಬ್ಯಾಕ್‌ನ ಎದುರಿನಿಂದ ಅಡ್ಡ ದಾಟಿ, ಸೊಂಟ ತಗ್ಗಿಸಿ ಎದೆಗೆ ಎದೆ ಕೊಟ್ಟು ನಿಲ್ಲಬೇಕು. ಒಂದು ಹೆಜ್ಜೆ ತಡವಾದರೂ ತಂಡ ಕೋಟಿಗಟ್ಟಲೆ ಡಾಲರ್ ಸುರಿದಿರುವ ಕ್ವಾರ್ಟರ್‌ಬ್ಯಾಕ್ ಬೆನ್ನಿನ ಮೇಲೆ ಪೆಟ್ಟು ತಿನ್ನುತ್ತಾನೆ.

ಕಾಲೇಜಿನಲ್ಲಿ ಇದನ್ನು ಕಲಿಸಲು ವೇಳೆಯೂ ಇಲ್ಲ, ಅಗತ್ಯವೂ ಕಡಿಮೆ. ಸೀಸನ್ ಸಮಯದಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡಿಸುವಂತಿಲ್ಲ ಎಂಬ ನಿಯಮವಿದೆ. ಸ್ಪ್ರೆಡ್ ಆಟದಲ್ಲಿ ಚೆಂಡು ಬೇಗ ಕೈಬಿಡುತ್ತದೆ. ಸಾಲದ್ದಕ್ಕೆ, ಪಾಸ್ ಎಸೆಯುವಾಗ ಲೈನ್ ಆಟಗಾರರು ಕಾಲೇಜಿನಲ್ಲಿ ಮೂರು ಯಾರ್ಡ್ ಮುಂದೆ ಹೋಗಬಹುದು, ಎನ್‌ಎಫ್‌ಎಲ್‌ನಲ್ಲಿ ಒಂದೇ ಯಾರ್ಡ್. ಇದರಿಂದ ಓಟವೋ ಪಾಸೋ ಎಂದು ಕೊನೆಯ ಕ್ಷಣದವರೆಗೆ ಎದುರಾಳಿಯನ್ನು ಗೊಂದಲದಲ್ಲಿಡುವ ಆಟಗಳು ಕಾಲೇಜಿನಲ್ಲಿ ಹೆಚ್ಚು ನಡೆಯುತ್ತವೆ, ಬ್ಯಾಕ್ ನಿಂತು ಕಾವಲು ಕಾಯುವ ಸಂದರ್ಭಗಳು ಕಡಿಮೆಯಾಗುತ್ತವೆ.

ಮ್ಯಾಡಿಸನ್ ಅವರು ಬೇಸರಿಸಬಾರದು, ಉದಾಹರಣೆ ಅವರ ಊರಿನದ್ದೇ. ಮಾಂಟೀ ಬಾಲ್ 2011ರಲ್ಲಿ 39 ಟಚ್‌ಡೌನ್ ಗಳಿಸಿ ಬ್ಯಾರಿ ಸ್ಯಾಂಡರ್ಸ್ ಅವರ ದಾಖಲೆಯನ್ನು ಸರಿಗಟ್ಟಿದವರು. 2013ರಲ್ಲಿ ಡೆನ್ವರ್ ಬ್ರಾಂಕೋಸ್‌ಗೆ ಬಂದಾಗ ಅಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವರು ಪೇಟನ್ ಮ್ಯಾನಿಂಗ್, ಕತ್ತಿನ ಶಸ್ತ್ರಚಿಕಿತ್ಸೆಗಳಾದ ಮೇಲೆ ಮರಳಿ ಬಂದವರು. ಅವರನ್ನು ಕಾಯುವ ವಿಷಯದಲ್ಲಿ ತಂಡ ಯಾವ ರಾಜಿಗೂ ಸಿದ್ಧವಿರಲಿಲ್ಲ. ಕಾವಲಿನಲ್ಲಿ ನಂಬಿಕೆ ಗಳಿಸಿದ್ದ ನೋಷಾನ್ ಮೊರೆನೊ ಮುಖ್ಯ ಬ್ಯಾಕ್ ಆಗಿ ಉಳಿದು 1,038 ಯಾರ್ಡ್ ಓಡಿದರು, ಬಾಲ್ 559ಕ್ಕೆ ನಿಂತರು. ಮರುವರ್ಷ ಅವಕಾಶ ಬಾಲ್ ಅವರ ಕೈಗೆ ಬಂದಾಗ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ, ತೊಡೆಸಂದಿನ ಗಾಯ ಒಂದರ ಹಿಂದೊಂದು ಬಂದವು, ಸಿ.ಜೆ. ಆ್ಯಂಡರ್ಸನ್ ಆ ಜಾಗವನ್ನು ತುಂಬಿದರು.

ಕೊಡಚಾದ್ರಿ:

ಈ ಆಟವನ್ನು ಹೊಸದಾಗಿ ನೋಡುತ್ತಿರುವವನ ಪ್ರಶ್ನೆ. ರಣಜಿಯಲ್ಲಿ ರನ್ ರಾಶಿ ಹಾಕಿದ ಬ್ಯಾಟ್ಸ್‌ಮನ್ ಟೆಸ್ಟ್ ಪಂದ್ಯದಲ್ಲಿ ತಡವರಿಸಿದ ಹಾಗೆಯೇ ಇದು ಎಂದು ತಿಳಿದುಕೊಂಡರೆ ಸಾಕೇ?

ಅಂಕಿಮೇಷ್ಟ್ರು:

ಸಾಲದು ಸರ್. ರಣಜಿಯಲ್ಲಿ ಗಳಿಸಿದ ನೂರು ರನ್ ದುರ್ಬಲ ಬೌಲಿಂಗ್ ಎದುರು ಬಂದಿರಬಹುದು, ಆದರೂ ಚೆಂಡನ್ನು ಹೊಡೆದವನು ಅವನೇ. ರನ್ನಿಂಗ್ ಬ್ಯಾಕ್‌ನ ಯಾರ್ಡ್‌ಗಳಲ್ಲಿ ಬಹುಪಾಲು ಅವನ ಪಾದ ಲೈನ್ ದಾಟುವ ಮೊದಲೇ ಬೇರೆಯವರಿಂದ ನಿರ್ಧಾರವಾಗಿರುತ್ತದೆ. ಎದುರಾಳಿ ಬದಲಾಗುವುದರ ಜೊತೆಗೆ ಜೊತೆಗಾರರೂ ಬದಲಾಗುತ್ತಾರೆ ಎಂಬುದೇ ಇಲ್ಲಿಯ ತೊಡಕು.

ಸುಮಾ, ಡಾಲಸ್:

ಮೇಷ್ಟ್ರ ಈ ಕೊನೆಯ ವಾಕ್ಯಕ್ಕೆ ನಮ್ಮ ಕೌಬಾಯ್ಸ್ ತಂಡದಲ್ಲೇ ಸಾಕ್ಷಿಯಿದೆ. ಡಿಮಾರ್ಕೊ ಮರ್ರಿ 2014ರಲ್ಲಿ ಟೈರನ್ ಸ್ಮಿತ್, ಟ್ರಾವಿಸ್ ಫ್ರೆಡರಿಕ್, ಝ್ಯಾಕ್ ಮಾರ್ಟಿನ್ ಇದ್ದ ಲೈನ್ ಹಿಂದೆ 1,845 ಯಾರ್ಡ್ ಓಡಿ ಲೀಗಿಗೇ ಮೊದಲಿಗರಾದರು. ಮರುವರ್ಷ ಫಿಲಡೆಲ್ಫಿಯಾ ಈಗಲ್ಸ್‌ಗೆ ಹೋದರು. ಅಲ್ಲಿ ತರಬೇತುದಾರ ಚಿಪ್ ಕೆಲ್ಲಿ ಅವರ ಶಾಟ್‌ಗನ್ ಆಟದಲ್ಲಿ, ಓಡಿ ಬರುವ ವೇಗವಿಲ್ಲದೆ ಕ್ವಾರ್ಟರ್‌ಬ್ಯಾಕ್ ಪಕ್ಕದಲ್ಲಿ ನಿಂತು ಚೆಂಡು ಪಡೆದು ಅಡ್ಡಡ್ಡ ಸಾಗಬೇಕಿತ್ತು. ಅವರು ಗಳಿಸಿದ್ದು 702 ಯಾರ್ಡ್. ಅದರ ಮರುವರ್ಷ ಟೆನೆಸೀ ಟೈಟನ್ಸ್‌ನಲ್ಲಿ ಮತ್ತೆ 1,287. ಮೂರು ವರ್ಷದಲ್ಲಿ ಮೂರು ತಂಡ, ಮನುಷ್ಯ ಒಬ್ಬನೇ. 2014ರಲ್ಲಿ 392 ಬಾರಿ ಓಡಿಸಿ ಅವರನ್ನು ಹಿಂಡಿದ್ದರು ಎಂಬ ಆಕ್ಷೇಪ ಬರಬಹುದು. ದಣಿವೇ ಕಾರಣವಾಗಿದ್ದರೆ 2016ರಲ್ಲಿ ಅವರು ಚೇತರಿಸಿಕೊಳ್ಳುತ್ತಿರಲಿಲ್ಲ.

ಸೇಕ್ವಾನ್ ಬಾರ್ಕ್ಲಿ ಅವರದು ಇದಕ್ಕೆ ತದ್ವಿರುದ್ಧ ದಿಕ್ಕಿನ ಕಥೆ. ಪೆನ್ ಸ್ಟೇಟ್‌ನಿಂದ 2018ರಲ್ಲಿ ಎರಡನೆಯ ಆಯ್ಕೆಯಾಗಿ ಜೈಂಟ್ಸ್‌ಗೆ ಬಂದ ಅವರು 2023ರ ಹೊತ್ತಿಗೆ ಓಟಕ್ಕೆ 3.9 ಯಾರ್ಡ್‌ಗೆ ಇಳಿದಿದ್ದರು. 2024ರಲ್ಲಿ ಈಗಲ್ಸ್ ತಂಡದ ಲೈನ್ ಹಿಂದೆ ಅದೇ ಬಾರ್ಕ್ಲಿ 2,005 ಯಾರ್ಡ್ ಓಡಿದರು. ಆದ್ದರಿಂದ ಸೊರಗುವುದು ಆಟಗಾರನಲ್ಲ, ಅವನನ್ನು ತಪ್ಪು ಜಾಗದಲ್ಲಿ ನಿಲ್ಲಿಸಿದ ತಂಡ ಎಂಬುದು ನನ್ನ ವಾದ.

ತುಂಗಾತೀರ:

ಸುಮಾ ಅವರೇ, ನಿಮ್ಮ ವಾದ ನನಗೆ ಇಷ್ಟವಾಯಿತು, ಆದರೆ ರಿಚರ್ಡ್‌ಸನ್ ವಿಷಯದಲ್ಲಿ ಅದು ನಿಲ್ಲುವುದಿಲ್ಲ. 2013ರಲ್ಲಿ ಕೋಲ್ಟ್ಸ್ ತಂಡದಲ್ಲಿ ಅವರು 157 ಓಟಗಳಲ್ಲಿ 458 ಯಾರ್ಡ್ ಗಳಿಸಿದರು, ಸರಾಸರಿ 2.9. ಅದೇ ತಂಡದಲ್ಲಿ ಅದೇ ಸೀಸನ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಆ್ಯಂಡ್ರ್ಯೂ ಲಕ್ ಅವರಿಂದಲೇ ಚೆಂಡು ಪಡೆದ ಡೊನಾಲ್ಡ್ ಬ್ರೌನ್ 102 ಓಟಗಳಲ್ಲಿ 537 ಯಾರ್ಡ್ ಗಳಿಸಿದರು, ಸರಾಸರಿ 5.3. ಲೈನ್ ಒಂದೇ, ತರಬೇತುದಾರರು ಅವರೇ. ಕೋಲ್ಟ್ಸ್ ಒಂದು ಮೊದಲ ಸುತ್ತಿನ ಆಯ್ಕೆಯನ್ನೇ ತೆತ್ತು ರಿಚರ್ಡ್‌ಸನ್ ಅವರನ್ನು ತಂದಿತ್ತು.

ಹಳೇ ಲೈನ್‌ಮನ್:

ತುಂಗಾತೀರ ಅವರ ಈ ಹೋಲಿಕೆ ಲೈನ್ ಪಕ್ಷದವನಾದ ನನಗೂ ಕಟ್ಟುನಿಟ್ಟಿನ ಪ್ರಶ್ನೆ. ನಾನು ಹೀಗೆ ಓದುತ್ತೇನೆ. ಝೋನ್ ಓಟದಲ್ಲಿ ಬ್ಯಾಕ್‌ಗೆ ನಿಗದಿಯಾದ ಬಾಗಿಲು ಇರುವುದಿಲ್ಲ. ಲೈನ್‌ನ ಐವರೂ ಒಂದೇ ದಿಕ್ಕಿಗೆ ಜರುಗುತ್ತಾರೆ, ಬ್ಯಾಕ್ ಲೈನ್‌ನ ಅಂಚಿನಲ್ಲಿರುವ ಟ್ಯಾಕಲ್‌ನ ಬೆನ್ನಿನ ಕಡೆಗೆ ನಿಧಾನವಾಗಿ ಸಾಗುತ್ತಾ ಲೈನ್‌ಬ್ಯಾಕರ್‌ಗೆ ಆ ದಾರಿಯೇ ತನ್ನದೆಂಬ ನಂಬಿಕೆ ಹುಟ್ಟಿಸಬೇಕು. ಅವನು ಆ ಸಂದಿಗೆ ಬಂದು ಸೇರಿದ ಕೂಡಲೇ ಇನ್ನೊಂದು ಸಂದಿಗೆ ಒಂದೇ ಹೆಜ್ಜೆಯಲ್ಲಿ ತಿರುಗಬೇಕು. ಬೇಗ ತಿರುಗಿದರೆ ಲೈನ್‌ಬ್ಯಾಕರ್ ಜೊತೆಯಲ್ಲೇ ಬರುತ್ತಾನೆ, ತಡ ಮಾಡಿದರೆ ಸಂದಿ ಮುಚ್ಚಿಹೋಗಿರುತ್ತದೆ. ಅಲಬಾಮಾದಲ್ಲಿ ಸಂದಿ ಸಮಯಕ್ಕೆ ತೆರೆದೇ ಇರುತ್ತಿದ್ದುದರಿಂದ, ತಪ್ಪು ಸಂದಿಗೆ ಹೋದರೂ ರಿಚರ್ಡ್‌ಸನ್ ತಮ್ಮ ತೊಡೆಯ ಬಲದಿಂದ ನಾಲ್ಕು ಯಾರ್ಡ್ ಕೀಳುತ್ತಿದ್ದರು. ತಪ್ಪಿಗೆ ಶಿಕ್ಷೆಯಿಲ್ಲದ ಜಾಗದಲ್ಲಿ ತಪ್ಪು ತಪ್ಪೆಂದು ಗೊತ್ತಾಗುವುದೇ ಇಲ್ಲ. ಕೋಲ್ಟ್ಸ್ ಪಂದ್ಯಗಳ ಮರುಪ್ರಸಾರ ನೋಡಿದರೆ ಅವರು ತಮ್ಮದೇ ಗಾರ್ಡ್‌ನ ಬೆನ್ನಿಗೆ ಡಿಕ್ಕಿ ಹೊಡೆಯುವುದು, ಅಲ್ಲೇ ಪಕ್ಕದಲ್ಲಿ ಬಯಲು ಬಿದ್ದಿರುವುದು ಮತ್ತೆ ಮತ್ತೆ ಕಾಣುತ್ತದೆ.

ಆದರೆ ಪೂರ್ತಿ ಹೊಣೆಯನ್ನು ಅವರ ಕಣ್ಣಿನ ಮೇಲೆ ಹೊರಿಸುವುದೂ ಅನ್ಯಾಯ. 2012ರ ಆಗಸ್ಟ್‌ನಲ್ಲಿ, ಮೊದಲ ಪಂದ್ಯಕ್ಕೂ ಮುಂಚೆ, ಅವರ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಆ ಸೀಸನ್‌ನ ಬಹುಭಾಗವನ್ನು ಅವರು ಪಕ್ಕೆಲುಬಿನ ಗಾಯದೊಂದಿಗೆ ಆಡಿದರು, ಆದರೂ 51 ಪಾಸ್ ಹಿಡಿದರು. ಮುಂದಿನ ವರ್ಷ ಎರಡು ಪಂದ್ಯ ಮುಗಿಯುತ್ತಲೇ ಅವರನ್ನು ಮಾರಲಾಯಿತು, ಅದೇ ವಾರಾಂತ್ಯ ಹೊಸ ತಂಡದ ಆಟದ ಪುಸ್ತಕ ಹಿಡಿದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಣಕ್ಕಿಳಿದರು. ಅಲ್ಲಿ ಮೊದಲ ಓಟದಲ್ಲೇ ಟಚ್‌ಡೌನ್ ಗಳಿಸಿದ್ದರಿಂದ ಎಲ್ಲರಿಗೂ ಭ್ರಮೆ ಹುಟ್ಟಿತು. ಆದರೆ ಕಾನ್ಸಾಸ್ ಸಿಟಿ ವಿರುದ್ಧದ ಪ್ಲೇಆಫ್ ಪಂದ್ಯದಲ್ಲಿ ಅವರಿಗೆ ಸಿಕ್ಕ ಒಂದೇ ಒಂದು ಓಟದಲ್ಲಿ ಚೆಂಡು ಕೈಜಾರಿತು.

ಮ್ಯಾಡಿಸನ್ ಕನ್ನಡಿಗ:

ನಮ್ಮೂರಿನ ಬ್ಯಾಕ್‌ಗಳೆಲ್ಲ ಲೈನ್‌ನ ಕೂಸುಗಳು ಎಂಬ ಮಾತು ಇಲ್ಲಿ ಗಟ್ಟಿಯಾಗುತ್ತಿದೆ. ಜೊನಾಥನ್ ಟೇಲರ್ ಮೂರೇ ಸೀಸನ್‌ಗಳಲ್ಲಿ 6,174 ಯಾರ್ಡ್ ಓಡಿ, 2020ರಲ್ಲಿ ಕೋಲ್ಟ್ಸ್‌ನ 41ನೆಯ ಆಯ್ಕೆಯಾದರು. ಮೊದಲ ಅರ್ಧ ಸೀಸನ್ ಅವರೂ ತಡವರಿಸಿದರು, ಸಂದಿ ತೆರೆಯುವ ಮೊದಲೇ ನುಗ್ಗುತ್ತಿದ್ದರು. ಆಮೇಲೆ ಕಾಯುವುದನ್ನು ಕಲಿತರು, ಕೊನೆಯ ಪಂದ್ಯದಲ್ಲಿ ಜ್ಯಾಕ್ಸನ್‌ವಿಲ್ ವಿರುದ್ಧ 253 ಯಾರ್ಡ್ ಓಡಿದರು, 2021ರಲ್ಲಿ 1,811 ಯಾರ್ಡ್‌ಗಳೊಂದಿಗೆ ಲೀಗಿಗೇ ಮೊದಲಿಗರಾದರು. ಮೆಲ್ವಿನ್ ಗಾರ್ಡನ್ ಮೊದಲ ವರ್ಷ ಒಂದೂ ಟಚ್‌ಡೌನ್ ಗಳಿಸದೆ, ಚೆಂಡು ಕೈಜಾರಿಸುತ್ತಾ ಟೀಕೆಗೆ ಗುರಿಯಾದವರು. ಮರುವರ್ಷವೇ ಲೀಗಿನ ಶ್ರೇಷ್ಠ ಆಟಗಾರರ ಪ್ರೋ ಬೌಲ್‌ಗೆ ಆಯ್ಕೆಯಾದರು. ಶಾಲೆಯ ಹೆಸರನ್ನು ನೋಡಿ ಭವಿಷ್ಯ ಹೇಳುವುದು ಎಷ್ಟು ಅಪಾಯವೋ ಮೊದಲ ವರ್ಷವನ್ನು ನೋಡಿ ಹೇಳುವುದೂ ಅಷ್ಟೇ.

ಸುಮಾ, ಡಾಲಸ್:

ಗಾರ್ಡನ್ ಮೊದಲ ಸುತ್ತಿನವರಾದ್ದರಿಂದ ಅವರಿಗೆ ಎರಡನೆಯ ವರ್ಷ ಸಿಕ್ಕಿತು. ನಾಲ್ಕನೆಯ ಸುತ್ತಿನವರಿಗೆ ಸಿಗುತ್ತಿತ್ತೇ? ಡೆರಿಕ್ ಹೆನ್ರಿ 2015ರಲ್ಲಿ ಅಲಬಾಮಾ ಪರ 2,219 ಯಾರ್ಡ್ ಓಡಿ ಹೈಸ್‌ಮನ್ ಗೆದ್ದವರು. ಟೈಟನ್ಸ್‌ನಲ್ಲಿ ಮೊದಲ ಎರಡು ವರ್ಷ ಅವರು, ನಾನು ಮೇಲೆ ಹೇಳಿದ ಅದೇ ಮರ್ರಿ ಅವರ ಹಿಂದೆ, ಬದಲಿಯಾಗಿಯೇ ಕಳೆದರು. 2020ರಲ್ಲಿ 2,027 ಯಾರ್ಡ್ ಓಡಿದ ಅವರ ಬಗ್ಗೆ 2017ರಲ್ಲಿ ತೀರ್ಪು ಬರೆದಿದ್ದರೆ ಏನಾಗುತ್ತಿತ್ತು? ಪ್ರತಿ ಏಪ್ರಿಲ್‌ನಲ್ಲಿ ಅಗ್ಗದ ಸಂಬಳಕ್ಕೆ ಇಪ್ಪತ್ತೆರಡು ವರ್ಷದ ಹೊಸ ಬ್ಯಾಕ್ ಸಿಗುವಾಗ, ಕಲಿಯುವವರೆಗೆ ಕಾಯುವ ತಾಳ್ಮೆ ತಂಡಗಳಿಗೆ ಇರುವುದಿಲ್ಲ.

ಅಂಕಿಮೇಷ್ಟ್ರು:

ಕಾಲೇಜಿನಲ್ಲಿ ಹೆಚ್ಚು ಓಡಿದವರನ್ನಷ್ಟೇ ನಾವು ಎಣಿಸುತ್ತಿದ್ದೇವೆ, ಕಡಿಮೆ ಓಡಿದವರನ್ನೂ ನೋಡಬೇಕು. ಆಲ್ವಿನ್ ಕಮಾರಾ ಟೆನೆಸೀಯಲ್ಲಿ ಮುಖ್ಯ ಬ್ಯಾಕ್ ಕೂಡ ಆಗಿರಲಿಲ್ಲ, ಆದರೆ 2017ರಲ್ಲಿ ನ್ಯೂ ಆರ್ಲೀನ್ಸ್ ಪರ ಆಕ್ರಮಣ ವಿಭಾಗದ ವರ್ಷದ ಹೊಸ ಆಟಗಾರ ಪ್ರಶಸ್ತಿ ಪಡೆದರು. ಜಾಶ್ ಜೇಕಬ್ಸ್ ಅಲಬಾಮಾದಲ್ಲಿ ಯಾವ ಸೀಸನ್‌ನಲ್ಲೂ 700 ಯಾರ್ಡ್ ಮುಟ್ಟಲಿಲ್ಲ, 2022ರಲ್ಲಿ 1,653 ಯಾರ್ಡ್‌ಗಳೊಂದಿಗೆ ಎನ್‌ಎಫ್‌ಎಲ್‌ಗೇ ಮೊದಲಿಗರಾದರು. ಇಬ್ಬರೂ ಪಾಸ್ ಹಿಡಿಯಬಲ್ಲವರು, ಮೊದಲ ಎದುರಾಳಿಯನ್ನು ತಪ್ಪಿಸಬಲ್ಲವರು, ಕಾಲೇಜಿನಲ್ಲಿ ಹೆಚ್ಚು ಸವೆಯದೆ ಬಂದವರು. ಹಾಗಿರುವಾಗ ಒಟ್ಟು ಯಾರ್ಡ್ ಎಂಬ ಅಂಕಿಯನ್ನು ಡ್ರಾಫ್ಟಿನ ಮಾತಿನಲ್ಲಿ ಎತ್ತುವುದನ್ನೇ ನಾನು ಬಿಟ್ಟಿದ್ದೇನೆ.

ಕೊಡಚಾದ್ರಿ:

ಹಾಗಾದರೆ ಶನಿವಾರದ ಕಾಲೇಜು ಪಂದ್ಯವನ್ನು ಟಿವಿಯಲ್ಲಿ ನೋಡುವ ನನ್ನಂಥವರು ಯಾವುದನ್ನು ಗಮನಿಸಬೇಕು?

ಹಳೇ ಲೈನ್‌ಮನ್:

ಮೂರನೆಯ ಡೌನ್‌ನಲ್ಲಿ ಆ ಬ್ಯಾಕ್ ಕಣದಲ್ಲಿ ಉಳಿಯುತ್ತಾನೋ ಹೊರಗೆ ಹೋಗುತ್ತಾನೋ ಎಂಬುದನ್ನು ಮೊದಲು ನೋಡಿ. ಅವನ ತರಬೇತುದಾರನ ಅಭಿಪ್ರಾಯ ಅಲ್ಲೇ ಗೊತ್ತಾಗುತ್ತದೆ. ಎರಡನೆಯದಾಗಿ, ಕ್ವಾರ್ಟರ್‌ಬ್ಯಾಕ್‌ನ ಹಿಂದಿನ ಕ್ಯಾಮೆರಾದಿಂದ ಮರುಪ್ರಸಾರ ತೋರಿಸುವಾಗ ಎಪ್ಪತ್ತು ಯಾರ್ಡ್‌ನ ಓಟಗಳನ್ನು ಬಿಟ್ಟು ಎರಡು ಯಾರ್ಡ್‌ನ ಓಟಗಳನ್ನು ನೋಡಿ: ಲೈನ್ ಸೋತಾಗ ಅವನೇನು ಮಾಡಿದ ಎಂಬುದು ಅವುಗಳಲ್ಲಿ ಮಾತ್ರ ಕಾಣುತ್ತದೆ. ಬಾಯ್ಸಿ ಸ್ಟೇಟ್‌ನ ಆ್ಯಶ್ಟನ್ ಜೆಂಟಿ 2024ರಲ್ಲಿ ಓಡಿದ 2,601 ಯಾರ್ಡ್‌ಗಳಿಗಿಂತ, ಎದುರಾಳಿಯ ಕೈ ಮೈಮೇಲೆ ಬಿದ್ದ ಮೇಲೂ ಅವರು ಸಾಗುತ್ತಿದ್ದ ರೀತಿಯೇ ನನಗೆ ಹೆಚ್ಚು ಭರವಸೆ ಕೊಟ್ಟಿತ್ತು. ಅವರನ್ನು ರೈಡರ್ಸ್ ಆರನೆಯ ಆಯ್ಕೆಯಾಗಿ ತೆಗೆದುಕೊಂಡಾಗ ನಾನು ಮೊದಲು ಹುಡುಕಿ ಓದಿದ್ದು ಮಾತ್ರ ಆ ತಂಡದ ಗಾರ್ಡ್‌ಗಳು ಯಾರು ಎಂಬುದನ್ನು.